ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟಗಳಿಗೆ ಅತ್ತಿ ಮರದ ನೆರಳು

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗ ಬೆಳೆಗಾರರು ಸಣ್ಣ ಹಿಡುವಳಿಗಳಲ್ಲಿ ಅರೇಬಿಕಾ ಕಾಫಿಯನ್ನು ಬೆಳೆಯುತ್ತಾರೆ. ಇಲ್ಲಿನ ಅನೇಕ ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಬಂದಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮರಕ್ಕೆ ಬೆಲೆಯೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಅದರ ಕಡಿತಕ್ಕೆ ವಿನಾಯಿತಿ ನೀಡಿರುವುದು ಇನ್ನೊಂದು ಅನುಕೂಲ. ಆದರೂ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಅರಣ್ಯದೊಳಗಿನ ಹಿಡುವಳಿದಾರರು ಯಾವುದೇ ಮರವನ್ನು ಕಡಿಯುವ ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಬೇಕು.

ಸಿಲ್ವರ್ ಓಕ್‌ನ ನೆತ್ತಿ ಕಿರಿದು, ನೆರಳು ತೆಳು. ಬಿಸಿಲು ನೇರವಾಗಿ ಬೀಳುವ ಅರೇಬಿಕಾ ಗಿಡಗಳ ಮೇಲೆ ಬಿಳಿ ಕಾಂಡಕೊರಕದ ದುಂಬಿ ಹೆಚ್ಚು ಮೊಟ್ಟೆಯಿಡುತ್ತದೆ. ಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡುವುದೇ ಉಳಿದ ದಾರಿ. ಜೊತೆಗೆ ಸಿಲ್ವರ್ ಓಕ್‌ನ ತರಗು ನಿಧಾನವಾಗಿ ಕೊಳೆಯುತ್ತದೆ. ಹೊರಗಿನ ಗೊಬ್ಬರವನ್ನು ಹೆಚ್ಚಾಗಿ ಹಾಕದ ತೋಟಕ್ಕೆ ಇದು ಸಣ್ಣ ನಷ್ಟವಲ್ಲ.

ಇಂತಹ ತೋಟಗಳಿಗೆ ಕಾಯಂ ನೆರಳಾಗಿ ಅತ್ತಿ ಸೂಕ್ತ. ಅಗಲವಾದ ನೆತ್ತಿಯ ಈ ಮರದ ಎಲೆ ಸುಲಭವಾಗಿ ಕೊಳೆತು ಮಣ್ಣಿಗೆ ಸೇರುತ್ತದೆ. ಚೆನ್ನಾಗಿ ಮಾಗಿದ ಹಣ್ಣನ್ನು ಹಿಸುಕಿ, ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಬೇಕು. ಬೀಜ ಅತಿ ಸಣ್ಣದಾದ್ದರಿಂದ ನುಣುಪು ಮರಳಿನೊಡನೆ ಬೆರೆಸಿ ಮಡಿಯ ಮೇಲೆ ಚೆಲ್ಲಬೇಕು, ಮಣ್ಣಿನಲ್ಲಿ ಹೂಳಬಾರದು. ಸಸಿಗಳನ್ನು ಪಾಲಿಥಿನ್ ಚೀಲಗಳಲ್ಲಿ ಬೆಳೆಸಿ, ಮುಂಗಾರಿನ ಆರಂಭದಲ್ಲಿ 12ರಿಂದ 14 ಮೀಟರ್ ಅಂತರದಲ್ಲಿ ನೆಡಬೇಕು. ಜಿಂಕೆ, ಕಾಟಿಗಳು ಸಸಿಯನ್ನು ಉಳಿಸುವುದಿಲ್ಲ. ಮುಳ್ಳಿನ ಬೇಲಿ ಕಡ್ಡಾಯ. ಆನೆಗಳಿಗೂ ಅತ್ತಿ ಪ್ರಿಯವಾದುದರಿಂದ ಮನೆಯ ಸಮೀಪ ನೆಡದಿರುವುದು ಲೇಸು.

ಅತ್ತಿ ನೆತ್ತಿ ಕಟ್ಟುವವರೆಗೆ ಹಾಲುವಾಣವೇ ತಾತ್ಕಾಲಿಕ ನೆರಳು. ಎರಡು ಕಾಫಿ ಗಿಡಗಳಿಗೆ ಒಂದರಂತೆ 2 ಮೀಟರ್ ಉದ್ದದ ಗೂಟ ನೆಟ್ಟರೆ ಸಾಕು. ಈಗಿರುವ ಸಿಲ್ವರ್ ಓಕ್‌ಗಳನ್ನು ಒಮ್ಮೆಲೇ ತೆಗೆಯಬಾರದು. ಅತ್ತಿ ಹರಡಿದಂತೆ ಒಂದೊಂದಾಗಿ ತೆಗೆದು, ಮೆಣಸು ಹಬ್ಬಿರುವವನ್ನು ಉಳಿಸಿಕೊಳ್ಳಬಹುದು. ಅತ್ತಿಯ ಮರಮುಟ್ಟಿಗೆ ಬೆಲೆಯಿಲ್ಲವಾದ್ದರಿಂದ ಈ ಆದಾಯವೂ ಬೆಳೆಗಾರನಿಗೆ ಬೇಕು.

ಮರಗಸಿಯ ವಿಷಯದಲ್ಲಿ ಮಲೆನಾಡಿನ ಲೆಕ್ಕ ಇಲ್ಲಿಗೆ ಹೊಂದದು. ಅಲ್ಲಿ ಮುಂಗಾರಿನ ಅತಿವೃಷ್ಟಿಗೂ ಕೊಳೆರೋಗಕ್ಕೂ ಅಂಜಿ ಹೆಚ್ಚು ಕೊಂಬೆ ತೆಗೆಯುತ್ತಾರೆ. ಇಲ್ಲಿ ಮಳೆ ಮುಂಗಾರು, ಹಿಂಗಾರುಗಳೆರಡಕ್ಕೂ ಹಂಚಿಹೋಗಿದೆ. ಮುಂಗಾರು ಹಿಡಿಯುವ ಹೊತ್ತಿಗೆ ಕೆಳಗಿನ ಕೊಂಬೆಗಳನ್ನು ಮಾತ್ರ ಸವರಬೇಕು. ಕಾಂಡಕೊರಕದ ದುಂಬಿಗಳು ಹೊರಬರುವ ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲಿ ನೆತ್ತಿಗೆ ಕತ್ತಿ ಮುಟ್ಟಿಸಬಾರದು.