ಜೇಡನ ನೂಲು, ಸಾವಿರ ಗಜದ ಗುರಿ

ಕನ್ನಡ ಪಾಠ ಹೇಳುವವನಿಗೂ ಕೋವಿಗೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ಸಂಬಂಧ ಇಷ್ಟೆ: ಕಾಲೇಜಿನ ಎನ್.ಸಿ.ಸಿ.ಯಲ್ಲಿ ಗುರಿ ಹೊಡೆದು ರುಚಿ ಕಂಡ ಹಳೆಯ ಶಿಷ್ಯನೊಬ್ಬ ಈಗ ಸಂಬಳಗಾರನಾಗಿದ್ದಾನೆ; ದೂರದ ಗುರಿ ಹೊಡೆಯುವ ಅಭ್ಯಾಸಕ್ಕೆಂದು ಬಂದೂಕಿನ ಮೇಲೆ ಕೂರಿಸುವ ದುರ್ಬೀನೊಂದನ್ನು ಕೊಳ್ಳಲು ಹೊರಟಿದ್ದಾನೆ. ಅವನು ತಂದು ತೋರಿಸಿದ ಬೆಲೆಪಟ್ಟಿಯಲ್ಲಿ ಕೆಲವು ದುರ್ಬೀನುಗಳ ಬೆಲೆ ಬಂದೂಕಿನ ಬೆಲೆಯನ್ನೂ ಮೀರಿತ್ತು. "ಯಾವುದನ್ನು ಕೊಳ್ಳಲಿ, ಸಾರ್? ಇಪ್ಪತ್ತೈದು ಪಟ್ಟು ದೊಡ್ಡದಾಗಿ ಕಾಣಿಸುವುದೇ ಆದೀತೆ?" ಎಂದು ಕೇಳಿದ. ಮೂರು ತಿಂಗಳ ಉಳಿತಾಯದ ಪ್ರಶ್ನೆ, ನಗುವಂತಿರಲಿಲ್ಲ.

ಪದವೊಂದರ ಅರ್ಥ ಹತ್ತದಿದ್ದಾಗ ಅದರ ಧಾತುವನ್ನು ಹುಡುಕುವುದು ನಮ್ಮ ಕಸುಬು. ವಸ್ತುವಿಗೂ ಧಾತು ಉಂಟೆಂದು ನಂಬಿ, ಈ ದುರ್ಬೀನಿನ ವಂಶಾವಳಿಯನ್ನು ಕೆದಕಲು ಹೊರಟೆ. ಕೆದಕುತ್ತ ಹೋದಂತೆ ಅದರ ಮೂಲದಲ್ಲಿ ಯೋಧನೂ ಇಲ್ಲ, ಬೇಟೆಗಾರನೂ ಇಲ್ಲ. ಇರುವುದು ಒಂದು ಜೇಡ.

1608ರಲ್ಲಿ ಹಾಲೆಂಡಿನ ಮಿಡ್ಡಲ್‌ಬರ್ಗ್ ಊರಿನ ಕನ್ನಡಕದ ಕುಶಲಿ ಹಾನ್ಸ್ ಲಿಪ್ಪರ್ಶೆ ದೂರದರ್ಶಕಕ್ಕೆ ಸರ್ಕಾರದ ಹಕ್ಕುಪತ್ರ ಕೇಳಿದ. ಮರುವರ್ಷ ಗೆಲಿಲಿಯೊ ಅದನ್ನು ಆಕಾಶಕ್ಕೆ ತಿರುಗಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಗೆಲಿಲಿಯೊ ನಳಿಗೆಯಿಂದ ನೋಡಬಹುದೇ ಹೊರತು ಗುರಿಯಿಡುವಂತಿಲ್ಲ. ಅದರ ಎರಡು ಗಾಜುಗಳ ನಡುವೆ ಬಿಂಬವು ಎಲ್ಲಿಯೂ ಮೂಡಿ ನಿಲ್ಲುವುದಿಲ್ಲವಾದ್ದರಿಂದ ಗುರುತಿನ ಗೆರೆ ಎಳೆಯಲು ಅಲ್ಲಿ ಜಾಗವೇ ಇಲ್ಲ. 1611ರಲ್ಲಿ ಕೆಪ್ಲರ್ ಎರಡು ಉಬ್ಬುಗಾಜುಗಳ ಇನ್ನೊಂದು ಬಗೆಯನ್ನು ಸೂಚಿಸಿದ. ಅದರಲ್ಲಿ ಲೋಕ ತಲೆಕೆಳಗಾಗಿ ಕಾಣುತ್ತದೆ. ಆದರೆ ನಳಿಗೆಯೊಳಗೇ ಒಂದು ಕಡೆ ನಿಜವಾದ ಬಿಂಬ ಮೂಡುತ್ತದೆ. ಆ ಜಾಗದಲ್ಲಿ ಏನನ್ನಿಟ್ಟರೂ ಅದು ದೂರದ ವಸ್ತುವಿನ ಮೇಲೆಯೇ ಅಂಟಿಸಿದಂತೆ ಕಾಣುವುದು. ಇದನ್ನು ಮೊದಲು ಇಟ್ಟದ್ದು ಮನುಷ್ಯನಲ್ಲ.

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ವಿಲಿಯಂ ಗ್ಯಾಸ್ಕಾಯಿನ್ ಎಂಬ ತರುಣ ಜ್ಯೋತಿರ್ವಿದನಿದ್ದ. ಸುಮಾರು 1640ರಲ್ಲಿ, ತೆರೆದಿಟ್ಟಿದ್ದ ಅವನ ದೂರದರ್ಶಕದೊಳಗೆ ಜೇಡವೊಂದು ಸೇರಿ ನೂಲೆಳೆಯಿತು. ಬೇರೆ ಯಾರಾದರೂ ಆಗಿದ್ದರೆ ಉಫ್ ಎಂದು ಊದಿ ಒರೆಸಿಬಿಡುತ್ತಿದ್ದರು. ಗ್ಯಾಸ್ಕಾಯಿನ್ ಕಣ್ಣಿಟ್ಟು ನೋಡಿದ. ನೂಲೂ ದೂರದ ವಸ್ತುವೂ ಒಟ್ಟಿಗೆ, ಒಂದೇ ಸ್ಪಷ್ಟತೆಯಲ್ಲಿ ಕಂಡವು. ಆ ಒಂದು ನೋಟದಿಂದ ಅವನು ದೂರದರ್ಶಕಕ್ಕೆ ಗುರಿಗೆರೆಯನ್ನು ಅಳವಡಿಸಿದ. ನವಿರಾದ ತಿರುಪಿನಿಂದ ಅಂಚುಗಳನ್ನು ಸರಿಸಿ ಕೋನವನ್ನು ಅಳೆಯುವ ಉಪಕರಣವನ್ನೂ ಮಾಡಿದ. ಇಷ್ಟರಲ್ಲಿ ದೇಶದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅರಸನ ಪಕ್ಷದಲ್ಲಿ ನಿಂತ ಅವನು 1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಕದನದಲ್ಲಿ ಮಡಿದ. ಎರಡು ದಶಕಗಳ ಮೇಲೆ ಫ್ರಾನ್ಸಿನ ಓಜು ಇದೇ ಬಗೆಯ ಸಾಧನವನ್ನು ಪ್ರಕಟಿಸಿದಾಗ, ಗ್ಯಾಸ್ಕಾಯಿನ್ನನ ಕಾಗದಪತ್ರಗಳನ್ನು ಬಲ್ಲ ರಿಚರ್ಡ್ ಟೌನ್ಲಿ 1667ರಲ್ಲಿ, ನಮ್ಮವನು ಇದನ್ನು ಎಂದೋ ಮಾಡಿದ್ದನೆಂದು ಬರೆದು ಅವನ ಹೆಸರನ್ನು ಉಳಿಸಿದ.

ಗೆರೆಯುಳ್ಳ ದೂರದರ್ಶಕ ಬಂದೂಕಿಗಿಂತ ಬಹಳ ಮೊದಲು ಭೂಮಾಪಕರ ಕೈ ಸೇರಿತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯ ಮೋಜಣಿಗೆ ತೊಡಗಿದ್ದು ಇಂಥ ದೂರದರ್ಶಕವುಳ್ಳ ಯಂತ್ರಗಳ ಬಲದಿಂದಲೇ. ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿಯಿಟ್ಟು ಕೋನ ಹಿಡಿಯುವುದಕ್ಕೂ ಸಾವಿರ ಗಜದ ಹಲಗೆಗೆ ಗುರಿಯಿಡುವುದಕ್ಕೂ ತತ್ತ್ವ ಒಂದೇ.

ಬಂದೂಕಿನ ಮೇಲೆ ಅದನ್ನು ಕೂರಿಸುವುದು ಮಾತ್ರ ಸುಲಭವಾಗಲಿಲ್ಲ. ಗುಂಡು ಹಾರಿದಾಗ ಬಂದೂಕು ಒದೆಯುವ ಒದೆತಕ್ಕೆ ಗಾಜು ಕದಲುತ್ತದೆ, ಗೆರೆ ಸರಿಯುತ್ತದೆ. 1844ರಲ್ಲಿ ಅಮೆರಿಕದಲ್ಲಿ ಜಾನ್ ಚಾಪ್‌ಮನ್ ಎಂಬ ಎಂಜಿನಿಯರು ರೈಫಲಿನ ಬಗ್ಗೆ ಪುಸ್ತಕ ಬರೆದ. ಅವನ ಸಲಹೆಯಂತೆ ಯೂಟಿಕಾ ಊರಿನ ಮಾರ್ಗನ್ ಜೇಮ್ಸ್ ಮಾಡಿದ ದುರ್ಬೀನು ಹೆಚ್ಚುಕಡಮೆ ಬಂದೂಕಿನ ನಳಿಗೆಯಷ್ಟೇ ಉದ್ದದ ಕೊಳವೆ! ಇತ್ತ ಬೊಂಬಾಯಿ ಸೈನ್ಯದಲ್ಲಿದ್ದ ಡೇವಿಡ್‌ಸನ್ ಎಂಬ ಸ್ಕಾಟ್ ಅಧಿಕಾರಿಗೂ ಇದೇ ಹುಚ್ಚು ಹತ್ತಿತ್ತು. ಅವನ ಗಿಡ್ಡ ದುರ್ಬೀನನ್ನು ವಿಟ್‌ವರ್ತ್ ರೈಫಲಿನ ಎಡಮಗ್ಗುಲಿಗೆ ಕೂರಿಸುತ್ತಿದ್ದರು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕೈಯಲ್ಲಿ ಅದು ಕೆಲಸ ಮಾಡಿತು. ಉತ್ತರದವರ ಕಡೆ ಬರ್ಡನ್ ಕಟ್ಟಿದ ಗುರಿಕಾರರ ದಳಕ್ಕೆ ಸೇರಬೇಕಾದರೆ 200 ಗಜದಿಂದ ಹತ್ತು ಗುಂಡು ಹೊಡೆಯಬೇಕಿತ್ತು. ನಡುವಿನಿಂದ ಆ ಹತ್ತು ಗಾಯಗಳ ದೂರವನ್ನು ಕೂಡಿದರೆ 50 ಅಂಗುಲ ಮೀರಕೂಡದು. ಯುದ್ಧದ ಆ ಅಧ್ಯಾಯವನ್ನು ನಾನು ಹೆಚ್ಚು ಬೆಳೆಸಲಾರೆ. ಕಾಗದದ ಗುರಿಗೆ ನೋವಿಲ್ಲ.

ಶಾಂತಿಯ ಗುರಿಯಾಟದ ಮುಹೂರ್ತ 1860ರ ಜುಲೈ 2. (ಗ್ಯಾಸ್ಕಾಯಿನ್ ಸತ್ತದ್ದೂ ಜುಲೈ 2, ಪಂಚಾಂಗ ಬದಲಾದದ್ದನ್ನು ಲೆಕ್ಕ ಹಿಡಿದರೆ ಈ ಹೊಂದಿಕೆ ಸಡಿಲವಾಗುತ್ತದೆ, ಇರಲಿ.) ಅಂದು ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯ ರಾಣಿ, ಚೌಕಟ್ಟಿನಲ್ಲಿ ಬಿಗಿದಿಟ್ಟ ವಿಟ್‌ವರ್ತ್ ರೈಫಲಿನ ರೇಷ್ಮೆದಾರವನ್ನು ಎಳೆದಳು, 400 ಗಜದ ಆಚೆ ಗುಂಡು ನಡುವಿನಿಂದ ಒಂದೂಕಾಲು ಅಂಗುಲದಲ್ಲಿ ತಗುಲಿತು. ರಾಣಿಯ ಕೈಗುಣವೆಂದು ಪ್ರಜೆಗಳು ಹಿಗ್ಗಿದರು. ಚೌಕಟ್ಟು ಬಿಗಿದವರ ಹೆಸರು ಯಾರಿಗೆ ಬೇಕು?

ಆದರೆ ನನ್ನ ಶಿಷ್ಯನಿಗೆ ನಾನು ವಿವರವಾಗಿ ಹೇಳಿದ್ದು 1874ರ ಸೆಪ್ಟೆಂಬರ್ 26ರ ಕಥೆ. ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರ್ ಬಯಲಿನಲ್ಲಿ ಅಂದು ಐರಿಷರಿಗೂ ಅಮೆರಿಕನ್ನರಿಗೂ ಪಂದ್ಯ. ಪಕ್ಷಕ್ಕೆ ಆರು ಜನ. 800, 900, 1000 ಗಜಗಳಿಂದ ತಲಾ ಹದಿನೈದು ಗುಂಡು. ಐರಿಷರು ಹಳೆಯ ರೂಢಿಯಂತೆ ಬಾಯಿಯಿಂದ ಮದ್ದು ತುಂಬುವ ಬಂದೂಕು ತಂದಿದ್ದರು. ಅಮೆರಿಕನ್ನರದು ಹಿಂದಿನಿಂದ ತುಂಬುವ ಹೊಸ ಬಗೆ. ದುರ್ಬೀನು ಯಾರಲ್ಲಿಯೂ ಇಲ್ಲ. ಬಂದೂಕಿನ ಹಿಂಬದಿಯಲ್ಲಿ ಸಣ್ಣ ರಂಧ್ರದ ತಗಡು, ಅದನ್ನು ಮಯಿರುಮಯಿರಾಗಿ ಏರಿಸಿ ಇಳಿಸಲು ವರ್ನಿಯರ್ ಅಳತೆ, ಅಷ್ಟೆ.

900 ಗಜದಲ್ಲಿ ಐರಿಷರ ಮಿಲ್ನರ್ ಗುರಿಯಿಟ್ಟ, ಹೊಡೆದ. ಗುಂಡು ನೇರವಾಗಿ ಗುರಿಯ ಕಣ್ಣಿಗೇ ನಾಟಿತು. ಏನು ಪ್ರಯೋಜನ? ಅದು ಪಕ್ಕದ ಹಲಗೆ! ಕಣ್ಣಿಗೆ ಹೊಡೆದರೆ ನಾಲ್ಕು ಅಂಕ. ಅವನಿಗೆ ಸಿಕ್ಕಿದ್ದು ಸೊನ್ನೆ. ಪಂದ್ಯದ ಕೊನೆಯ ಗುಂಡಿನ ಹೊತ್ತಿಗೆ ಐರಿಷರು 931, ಅಮೆರಿಕನ್ನರು 930. ಉಳಿದವನು ಬೋಡೈನ್ ಎಂಬ ಕರ್ನಲ್. ಆಗತಾನೆ ಯಾರೋ ಕೊಟ್ಟ ಶುಂಠಿ ಪಾನೀಯದ ಸೀಸೆ ಒಡೆದು ಅವನ ಅಂಗೈ ಕುಯ್ದಿತ್ತು. ಕರವಸ್ತ್ರ ಸುತ್ತಿಕೊಂಡು ಮಲಗಿ, ಸಾವಿರ ಗಜದ ಕಣ್ಣಿಗೆ ಹೊಡೆದ. 934ಕ್ಕೆ 931. ಮಿಲ್ನರನ ಗುಂಡು ತನ್ನ ಹಲಗೆಗೆ ಬಿದ್ದಿದ್ದರೆ ಐರಿಷರದು 935 ಆಗುತ್ತಿತ್ತು.

ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ, ಹಕ್ಕಿಯ ಕಣ್ಣಷ್ಟೇ ಕಂಡಿತೆಂದು ತರಗತಿಯಲ್ಲಿ ಎಷ್ಟು ಸಲ ಹೊಗಳಿದ್ದೇನೋ. ಮಿಲ್ನರನ ಕಥೆ ಓದಿದ ಮೇಲೆ ಒಂದು ಸಂದೇಹ ಬಂತು: ಒಂದೇ ಬಗೆಯ ಹತ್ತು ಮರ, ಹತ್ತು ಹಕ್ಕಿ ಇದ್ದಿದ್ದರೆ? ದೂರದ ಗುರಿಗೆ ಹೊಸಬನಾದವನು ಇಪ್ಪತ್ತೈದು ಪಟ್ಟಿನ ದುರ್ಬೀನು ಕೊಂಡರೆ ಅವನಿಗೆ ಕಾಣುವುದು ಹಕ್ಕಿಯ ಕಣ್ಣು ಮಾತ್ರ. ಪಟ್ಟು ಏರಿದಷ್ಟೂ ನೋಟದ ಹರವು ಕಿರಿದಾಗುತ್ತದೆ, ಬೆಳಕು ತಗ್ಗುತ್ತದೆ, ಕೈನಡುಕ ದೊಡ್ಡದಾಗಿ ಕಂಡು ಎದೆಗುಂದಿಸುತ್ತದೆ. ಬಿಸಿಲು ಕಾದ ನೆಲದಿಂದೇಳುವ ಝಳ ಗುರಿಯನ್ನು ನೀರಿನಲ್ಲಿಟ್ಟಂತೆ ಕುಣಿಸುತ್ತದೆ. ಅಮೆರಿಕದ ನೌಕಾಯೋಧರು 1970ರ ದಶಕದ ಕೊನೆಯಿಂದ ಬಹುಕಾಲ ಸಾವಿರ ಗಜಕ್ಕೆ ಹತ್ತೇ ಪಟ್ಟಿನ ಅನರ್ಟ್ಲ್ ದುರ್ಬೀನಿನಿಂದ ಕೆಲಸ ನಡೆಸಿದರು.

ಹಾಗಾದರೆ ಯಾವುದಕ್ಕೆ ದುಡ್ಡು ಕೊಡಬೇಕು? ಕ್ರೀಡ್‌ಮೂರಿನ ತಗಡೇ ಉತ್ತರ ಹೇಳುತ್ತದೆ: ತಿರುಪಿಗೆ. ನೂರು ಗಜಕ್ಕೆ ಸರಿಹೊಂದಿಸಿದ ಇಂದಿನ ಸಾಮಾನ್ಯ ರೈಫಲಿನ ಗುಂಡು ಸಾವಿರ ಗಜ ತಲಪುವಷ್ಟರಲ್ಲಿ ಗುರಿಯ ಗೆರೆಯಿಂದ ಮೂವತ್ತು ಅಡಿಗೂ ಕೆಳಗೆ ಇಳಿದಿರುತ್ತದೆ. ಅಷ್ಟನ್ನೂ ತಿರುಪಿನಿಂದ ಏರಿಸಬೇಕು, ಮತ್ತೆ ಇಳಿಸಿದರೆ ಹೊರಟಲ್ಲಿಗೇ ಬಂದು ನಿಲ್ಲಬೇಕು. ಎಷ್ಟು ಸಲ ತಿರುಗಿಸಿದರೂ ಸುಳ್ಳು ಹೇಳದ ತಿರುಪು. ಗ್ಯಾಸ್ಕಾಯಿನ್ ಮಾಡಿದ್ದೂ ಅದನ್ನೇ.

ತಿರುಪಿನ ಲೆಕ್ಕದಲ್ಲಿ ಎರಡು ಸಂಪ್ರದಾಯಗಳಿವೆ. ಒಂದರ ಮಾನ ಡಿಗ್ರಿಯ ಅರುವತ್ತನೆಯ ಒಂದು ಪಾಲು. ನಮ್ಮ ಪಂಚಾಂಗದವರು ಅಂಶ, ಕಲೆ, ವಿಕಲೆ ಎನ್ನುವುದರಲ್ಲಿ ನಡುವಿನ ಕಲೆಯೇ ಇದು. ನೂರು ಗಜದಲ್ಲಿ ಒಂದು ಕಲೆ ಎಂದರೆ ಒಂದು ಅಂಗುಲಕ್ಕೆ ಕೂದಲೆಳೆ ಹೆಚ್ಚು. ತಿರುಪಿನ ಒಂದೊಂದು 'ಟಿಕ್' ಕಾಲು ಕಲೆ. ಇನ್ನೊಂದು ಮಿಲ್: ಸಾವಿರ ಮೀಟರಿಗೆ ಒಂದು ಮೀಟರು, ಅದರ 'ಟಿಕ್' ಹತ್ತರಲ್ಲೊಂದು ಪಾಲು. ಯಾವುದೂ ಮೇಲಲ್ಲ, ಕೀಳಲ್ಲ. ಒಳಗಿನ ಗೆರೆ ಮಿಲ್ಲಿನಲ್ಲಿ, ಹೊರಗಿನ ತಿರುಪು ಕಲೆಯಲ್ಲಿ ಇರುವ ಮಿಶ್ರತಳಿಗಳು ದಶಕಗಳ ಕಾಲ ಮಾರಾಟವಾದವು. ಮೊಳದಲ್ಲಿ ಅಳೆದು ಗಜದಲ್ಲಿ ಕತ್ತರಿಸಿದಂತೆ. ಹಳೆಯ ಸರಕು ಅಗ್ಗಕ್ಕೆ ಸಿಕ್ಕಿದರೆ ಇದೊಂದನ್ನು ನೋಡಿಕೊ ಎಂದೆ. ತಲೆ ಅಲುಗಿಸಿದಾಗ ಗೆರೆಯೂ ಗುರಿಯ ಮೇಲೆ ಅಲುಗಿದಂತೆ ಕಂಡರೆ ಬಿಂಬವೂ ಗೆರೆಯೂ ಒಂದೇ ತಳದಲ್ಲಿಲ್ಲವೆಂದು ಅರ್ಥ. ಅದನ್ನು ಸರಿಪಡಿಸುವ ಗುಂಡಿ ದೂರದ ಹೊಡೆತಕ್ಕೆ ಬೇಕೇ ಬೇಕು.

ಗಾಜಿನ ಮಾತು ಬೇಗ ಮುಗಿಯುತ್ತದೆ. ಬರಿಯ ಗಾಜಿನ ಒಂದೊಂದು ಮೈಯೂ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆಸೆಯುತ್ತದೆ. ಹತ್ತು ಗಾಜಿದ್ದರೆ ಇಪ್ಪತ್ತು ಮೈ. ಕಣ್ಣಿಗೆ ಬರುವುದು ನೂರರಲ್ಲಿ 44. 1935ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯ ಸ್ಮಾಕುಲಾ ತೆಳುಲೇಪದಿಂದ ಈ ಸೋರಿಕೆಯನ್ನು ತಡೆದ. ಈಗ ಅಗ್ಗದ ದುರ್ಬೀನಿಗೂ ಲೇಪವಿದೆ. 1947ರಲ್ಲಿ ಲ್ಯೂಪೋಲ್ಡ್ ಎಂಬ ಅಮೆರಿಕನ್ ಸಂಸ್ಥೆ ನಳಿಗೆಯೊಳಗೆ ಸಾರಜನಕ ತುಂಬಿ ಮಂಜು ಕಟ್ಟುವುದನ್ನು ನಿಲ್ಲಿಸಿತು. ಇನ್ನು ಬೆಲೆಯನ್ನು ಸಾಮಾನ್ಯನ ಕೈಗೆಟುಕಿಸಿದವನು ವೀವರ್: 1930ರಲ್ಲಿ ಅವನ ದುರ್ಬೀನು, ಕೂರಿಸುವ ಹಿಡಿಯೂ ಸೇರಿ, 19 ಡಾಲರು. ಈ ಮೂವರು ನಡೆದ ದಾರಿಯಿಂದಾಗಿಯೇ ಇಂದು ನಡುಮಟ್ಟದ ಬೆಲೆಗೆ ಒಳ್ಳೆಯ ಸಾಧನ ಸಿಕ್ಕುತ್ತದೆ. ಹದಿನಾರು ಪಟ್ಟಿಗೆ ಮೀರದ, ಬಲವಾದ ತಿರುಪಿನ ಒಂದನ್ನು ಕೊಂಡು, ಮಿಕ್ಕ ಹಣವನ್ನು ಗುಂಡಿಗೂ ಅಭ್ಯಾಸಕ್ಕೂ ಇಟ್ಟುಕೋ ಎಂದು ನನ್ನ ತೀರ್ಪು ಕೊಟ್ಟೆ.

ಒಲಿಂಪಿಕ್ ಗುರಿಕಾರರಿಗೆ ದುರ್ಬೀನು ಇಂದಿಗೂ ನಿಷಿದ್ಧ. 2008ರಲ್ಲಿ ಬಿಂದ್ರಾ ಚಿನ್ನ ಗೆದ್ದದ್ದು ಬರಿಯ ರಂಧ್ರದ ಮೂಲಕ ನೋಡಿ. ಕೈಲ್ ಪೊಳ್ದಿನಂದು ಮರದ ತುದಿಯ ತೆಂಗಿನಕಾಯಿಗೆ ಗುಂಡಿಡುವ ಕೊಡವರ ಕಣ್ಣಿಗೂ ಗಾಜಿನ ಹಂಗಿಲ್ಲ. ಆದರೆ ಗಾಜಿಲ್ಲದೆ ಗುರಿಯಿಡುವವನು ಹಿಂದಿನ ರಂಧ್ರ, ಮುಂದಿನ ಕಡ್ಡಿ, ದೂರದ ಹಲಗೆ ಎಂಬ ಮೂರು ದೂರಗಳನ್ನು ಒಂದೇ ಕಣ್ಣಿನಲ್ಲಿ ಹೊಂದಿಸಬೇಕು. ಚಾಳೀಸು ಬಂದ ಕಣ್ಣಿಗೆ ಅದು ಆಗದ ಮಾತೆಂದು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ದುರ್ಬೀನು ಗುರಿಯನ್ನೂ ಗೆರೆಯನ್ನೂ ಒಂದೇ ತಳಕ್ಕೆ ತಂದುಕೊಡುತ್ತದೆ. ದೊಡ್ಡದು ಮಾಡುವುದಕ್ಕಿಂತ ಇದೇ ಅದರ ಹೆಚ್ಚಿನ ಉಪಕಾರ. ಕೆನಡಾದ ಜಾರ್ಜ್ ಫಾರ್ಕರ್‌ಸನ್ ಎಂಬ ಹಿರಿಯ ಗುರಿಕಾರ, ವಯಸ್ಸಾಗಿ ಕಣ್ಣೂ ತೋಳೂ ಸೋತವರು ಬಯಲು ಬಿಟ್ಟು ಹೋಗಬಾರದೆಂದು, ದುರ್ಬೀನನ್ನೂ ಊರೆಯನ್ನೂ ಒಪ್ಪುವ ಹೊಸದೊಂದು ಸ್ಪರ್ಧೆಯನ್ನು ಹುಟ್ಟುಹಾಕಿದ. ಅವನ ಹೆಸರಿನ ಮೊದಲಕ್ಷರದಿಂದ ಅದಕ್ಕೆ 'ಎಫ್ ಕ್ಲಾಸ್' ಎಂದು ಹೆಸರು. ಈಗ ಹೊಸಬರೂ ಮೊದಲಿಗೆ ಸೇರುವುದು ಹೆಚ್ಚಾಗಿ ಅದಕ್ಕೇ. ಅದರ ಹಲಗೆಯ ನಡುಗಣ್ಣು ಮಾತ್ರ ಹಳೆಯದರ ಅರ್ಧದಷ್ಟೇ ಅಗಲ.