ಹೊಳೆದಂಡೆಯ ನಾಕೆ

ನಾನಾಗ ಎಂಟು ವರ್ಷದವಳು. ಅಜ್ಜಿಯ ಸಂಗಡ ಆನೆಗೊಂದಿಯಿಂದ ಹೊಳೆ ದಾಟಿ, ಅವಳ ತವರಾದ ಕಮಲಾಪುರಕ್ಕೆ ಹೊರಟಿದ್ದೆ. ಹರಿಗೋಲು ಹತ್ತುವ ಮುನ್ನ ಅಜ್ಜಿ ದಡದಲ್ಲಿ ಕುಳಿತಳು. ಯಾರೂ ಕೇಳದಿದ್ದರೂ ಬಟ್ಟೆಯ ಗಂಟು ಬಿಚ್ಚಿ ಹರವಿ, ಮತ್ತೆ ಕಟ್ಟಿದಳು. ಯಾಕೆಂದು ಕೇಳಿದರೆ, "ರೂಢಿ ಬಿದ್ದೈತವ್ವ. ಇಲ್ಲೇ ನಾಕೆ ಇತ್ತು" ಎಂದಳು. ಅವಳು ತೋರಿಸಿದ ಕಡೆ ಜಾಲಿಗಿಡಗಳಲ್ಲದೆ ಬೇರೇನೂ ಇರಲಿಲ್ಲ.

ವಿಜಯನಗರದ ಕಾಲದಲ್ಲಿ ತುಂಗಭದ್ರೆಯ ಎರಡೂ ದಡ ಒಂದೇ ಅರಸರವು. ಆದರೂ ಕಾವಲಿತ್ತು. ಹಂಪಿಯಿಂದ ಹೊಳೆಗಿಳಿಯುವ ದಾರಿಯ ಹೆಬ್ಬಾಗಿಲಿಗೆ ಇಂದಿಗೂ ತಳವಾರಘಟ್ಟದ ಬಾಗಿಲೆಂದೇ ಹೆಸರು. ತಳವಾರನೆಂದರೆ ಕಾವಲುಗಾರ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಈ ಹೊಳೆಯೇ ಗಡಿಯಾಯಿತು. 1802ರ ವ್ಯಾಪಾರ ಒಪ್ಪಂದ ದಾಟುವ ಸರಕಿಗೆ ಶೇಕಡಾ 5ರ ಸುಂಕ ಗೊತ್ತುಮಾಡಿತು. ನಿಜಾಮರ ಸುಂಕದ ಇಲಾಖೆಗೆ ಕರೋಡಗಿರಿ ಎನ್ನುತ್ತಿದ್ದರು. ಹೊಳೆ ದಾಟಿದರೆ ನಾಣ್ಯವೂ ಬೇರೆ: ಆಚೆಯ ಆರು ಕಲ್ದಾರ್ ರೂಪಾಯಿ ಈಚೆಯ ಏಳು ಹಾಲಿ ರೂಪಾಯಿಗೆ ಸಮ. ತವರಿನಿಂದ ತಂದ ಒಂದು ಸೀರೆಗೂ ಅಜ್ಜಿ ನಾಕೆಯ ಜವಾನನ ಬಾಯಿಂದ ಬೈಗುಳ ತಿಂದದ್ದುಂಟು.

1947ರಲ್ಲಿ ಆಚೆ ದಡಕ್ಕೆ ಸ್ವಾತಂತ್ರ್ಯ ಬಂತು, ಈಚೆ ದಡಕ್ಕೆ ಬರಲಿಲ್ಲ. ರಜಾಕಾರರ ಹಾವಳಿ ಹೆಚ್ಚಿತು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. 1948ರ ಬೇಸಿಗೆಯ ಒಂದು ರಾತ್ರಿ ಅಜ್ಜಿ ಒಬ್ಬಳೇ ಹೊಳೆದಂಡೆಗೆ ಬಂದಳು. ಕಂಕುಳಲ್ಲಿ ಕೌದಿಯ ಗಂಟು. ಅದೇ ಜವಾನ ಲಾಟೀನು ಹಿಡಿದು ಎದ್ದುಬಂದ. ಗಂಟಿನೊಳಗೆ ಕೂಸು ಕುಸುಗುಟ್ಟಿತು. ಅವನು ಲಾಟೀನು ತಗ್ಗಿಸಿ, ಬೆನ್ನು ತಿರುಗಿಸಿ ನಿಂತನಂತೆ. "ಅವತ್ತೊಂದು ದಿನ ಬಿಚ್ಚು ಅನಲಿಲ್ಲ" ಎಂದು ಅಜ್ಜಿ ಹೇಳುತ್ತಿದ್ದಳು. ಆ ಗಂಟಿನಲ್ಲಿದ್ದ ಆರು ತಿಂಗಳ ಕೂಸೇ ನನ್ನ ಅವ್ವ.

ಆ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಿತು. ಐದು ದಿನಗಳಲ್ಲಿ ಎಲ್ಲ ಮುಗಿಯಿತು. 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. ಇಂದು ಈ ಹೊಳೆ ಕೊಪ್ಪಳ ಮತ್ತು ವಿಜಯನಗರ ಜಿಲ್ಲೆಗಳ ಗಡಿ. ಯಾರ ಗಂಟನ್ನೂ ಯಾರೂ ಕೇಳುವುದಿಲ್ಲ.

ತರಗತಿಯಲ್ಲಿ ವಿಮೋಚನೆಯ ಪಾಠ ಮಾಡುವಾಗ ಮಕ್ಕಳು ಕೇಳುತ್ತಾರೆ: "ಟೀಚರ್, ನಿಜಾಮನ ಕಡೆಯವರೆಲ್ಲ ಕೆಟ್ಟವರೇ?" ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ನಾನು ಲಾಟೀನು ತಗ್ಗಿಸಿದ ಜವಾನನ ಸಂಗತಿ ಹೇಳುತ್ತೇನೆ. ಅವನ ಹೆಸರು ಅಜ್ಜಿಗೆ ತಿಳಿದಿರಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ಅವನು ಅಂದು ತನ್ನ ಕೆಲಸ ಸರಿಯಾಗಿ ಮಾಡಿದ್ದರೆ ಈ ಪಾಠ ಹೇಳಲು ನಾನಿರುತ್ತಿರಲಿಲ್ಲ.