ಮಸಲ್ ಕಾರು: ಅಶ್ವಶಕ್ತಿಯ ಲೆಕ್ಕ ತಪ್ಪಿಸಿಕೊಂಡದ್ದು

ಅಮೆರಿಕದ ಮಸಲ್ ಕಾರುಗಳ ಬಗ್ಗೆ ಬರೆಯುವವರಿಗೆ ಇತ್ತೀಚೆಗೆ ಅಶ್ವಶಕ್ತಿಯ ಚಟ ಹಿಡಿದಿದೆ. 2015ರ ಡಾಡ್ಜ್ ಹೆಲ್‌ಕ್ಯಾಟ್‌ಗೆ 707, 2018ರ ಡೀಮನ್‌ಗೆ ರೇಸ್ ಇಂಧನ ಹಾಕಿದರೆ 840, 2023ರ ಡೀಮನ್ 170ಕ್ಕೆ 1,025. ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ಇವನ್ನು ಓಡಿಸುವುದರಲ್ಲಿ ಏನು ಸುಖ ಎಂದು ಕೇಳಿದರೆ ಈ ಪಟ್ಟಿಯಲ್ಲಿ ಉತ್ತರವಿಲ್ಲ. ಎಂಜಿನ್ ಟ್ಯೂನಿಂಗ್ ಕೆಲಸದಲ್ಲೇ ಕೂದಲು ಬೆಳ್ಳಗಾದ ನನ್ನಂಥವರಿಗೆ ಇದು ನಿಜಕ್ಕೂ ಕಿರಿಕಿರಿ.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. ಪಾಂಟಿಯಾಕ್ ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್‌ಗೆ 389 ಘನ ಇಂಚಿನ ವಿ8 ಎಂಜಿನ್ ಕೂರಿಸಿ 1964ರ ಮಾದರಿಯಾಗಿ ಜಿಟಿಒ ಹೊರತಂದಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟ್ಯಾಂಗ್ ಬಂತು. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಹುಡುಗರು ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ ಕಟ್ಟಿದರು. ವಿಮೆ ದುಬಾರಿಯಾಯಿತು, ಹೊಗೆಯ ಕಾನೂನು ಬಿಗಿಯಾಯಿತು, 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಆಟ ಮುಗಿಯಿತು. ಎಂಬತ್ತರ ದಶಕದ ಮಸ್ಟ್ಯಾಂಗ್ 5.0 ಮತ್ತು ಬ್ಯುಯಿಕ್‌ನ ಟರ್ಬೊ ವಿ6 ಹೇಗೋ ಕುಲ ಉಳಿಸಿದವು. 2002ರಲ್ಲಿ ಮಸ್ಟ್ಯಾಂಗ್‌ನ ಪ್ರತಿಸ್ಪರ್ಧಿ ಕಮಾರೊ ಕೂಡ ನಿಂತುಹೋಯಿತು. ಅರವತ್ತರ ದಶಕದ ಆ ಕಾರುಗಳ ಬ್ರೇಕು, ಸ್ಟಿಯರಿಂಗ್ ಬಗ್ಗೆ ಅವುಗಳ ಭಕ್ತರು ಹೆಚ್ಚು ಮಾತಾಡುವುದಿಲ್ಲ. ಮಾತಾಡದಿರುವುದೇ ಜಾಣತನ.

2005ರ ಮಸ್ಟ್ಯಾಂಗ್, 2008ರ ಡಾಡ್ಜ್ ಚಾಲೆಂಜರ್, 2010ರ ಕಮಾರೊ, ಮೂರೂ ಹಳೆಯ ಮುಖ ಹೊತ್ತು ಮರಳಿದವು. ಪತ್ರಿಕೆಗಳು ಮುಖವನ್ನೇ ಹೊಗಳುತ್ತ ಕುಳಿತವು. ನನ್ನ ಪ್ರಕಾರ ನಿಜವಾದ ತಿರುವು ಬಂದದ್ದು 2011ರ ಮಸ್ಟ್ಯಾಂಗ್‌ನ ಕೊಯೋಟೆ ಎಂಜಿನ್‌ನೊಂದಿಗೆ. ಐದು ಲೀಟರ್, 412 ಅಶ್ವಶಕ್ತಿ, ಸಿಲಿಂಡರಿಗೆ ನಾಲ್ಕು ವಾಲ್ವ್. ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ವಾಲ್ವ್‌ಗಳ ಸಮಯವನ್ನು ಬೇರೆಬೇರೆಯಾಗಿ ಹಿಂದುಮುಂದು ಮಾಡುವ ವ್ಯವಸ್ಥೆ ಅದರಲ್ಲಿತ್ತು. ಹಾಗಾಗಿ ಊರೊಳಗೆ ಸಾಧುವಾಗಿದ್ದ ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಬೇರೆಯೇ ಸ್ವಭಾವ ತೋರುತ್ತಿತ್ತು. ಪಾದ ಎಷ್ಟು ಒತ್ತಿತೋ ಅಷ್ಟೇ ಉತ್ತರ. ಟರ್ಬೊದ ಹಾಗೆ ಕಾಯಿಸುವುದಿಲ್ಲ.

ಮರುವರ್ಷದ ಮಸ್ಟ್ಯಾಂಗ್ ಬಾಸ್ 302 ಇನ್ನೂ ಸೊಗಸು. ಬಾನೆಟ್ ಎತ್ತಿ, ಹಿಂದೆ ಡಿಕ್ಕಿ ತೆರೆದು, ಸಾದಾ ಸ್ಕ್ರೂಡ್ರೈವರ್‌ನಲ್ಲಿ ಷಾಕ್ ಅಬ್ಸಾರ್ಬರ್‌ಗಳ ಬಿಗಿಯನ್ನು ನೀವೇ ತಿರುಗಿಸಿ ಹೊಂದಿಸಬಹುದಿತ್ತು. ಜೊತೆಗೆ, ಬೇಕೆಂದವರಿಗೆ ಒಂದು ಕೆಂಪು ಕೀ. ಅದರಿಂದ ಸ್ಟಾರ್ಟ್ ಮಾಡಿದರೆ ಎಂಜಿನ್ ಕಂಪ್ಯೂಟರ್ ಬೇರೆ ಲೆಕ್ಕಕ್ಕೆ ಹೋಗುತ್ತಿತ್ತು. ವಾಲ್ವ್‌ಗಳ ಸಮಯ, ಪೆಡಲ್‌ನ ಚುರುಕು, ಕಾಲು ತೆಗೆದಾಗ ಎಂಜಿನ್ ಹಿಡಿದೆಳೆಯುವ ಬಗೆ ಎಲ್ಲವೂ ಬದಲು. ನಿಂತಲ್ಲೇ ಎಂಜಿನ್ ಏರಿಳಿದು ಗುಡುಗುಟ್ಟುತ್ತಿತ್ತು. ಹೆಲ್‌ಕ್ಯಾಟ್‌ಗೂ ಕೆಂಪು ಕೀ ಇತ್ತು. ಕಪ್ಪು ಕೀ ಹಾಕಿದರೆ ಸುಮಾರು 500 ಅಶ್ವಶಕ್ತಿ, ಕೆಂಪು ಹಾಕಿದರೆ ಪೂರ್ತಿ 707. ಒಂದು ಕೀ ಎಂಜಿನ್‌ನ ಗುಣ ಬದಲಿಸಿತು, ಇನ್ನೊಂದು ನಲ್ಲಿ ದೊಡ್ಡದು ಮಾಡಿತು. ಹೆಸರು ಬಂದದ್ದು ಎರಡನೆಯದಕ್ಕೆ.

2015ರಿಂದ ಮಸ್ಟ್ಯಾಂಗ್‌ನ ಎಲ್ಲ ಮಾದರಿಗಳಲ್ಲೂ ಹಿಂದಿನ ಗಾಲಿಗಳಿಗೆ ಪ್ರತ್ಯೇಕ ಸಸ್ಪೆನ್ಶನ್ ಬಂತು. 2016ರ ಕಮಾರೊ ಕ್ಯಾಡಿಲಾಕ್ ಎಟಿಎಸ್‌ನ ತಳಹದಿಯ ಮೇಲೆ ನಿಂತಿತು. ಅದರ ಕಿಟಕಿಗಳಿಂದ ಹೊರಗೇನೂ ಸರಿಯಾಗಿ ಕಾಣುವುದಿಲ್ಲ, ನಿಜ. ಆದರೆ ಅದರ ಟ್ರ್ಯಾಕ್‌ಗೆಂದೇ ಹದಗೊಳಿಸಿದ 1ಎಲ್‌ಇ ಮಾದರಿಯನ್ನು ತಿರುವಿಗೆ ಹಾಕಿದವರು ಆ ದೂರನ್ನು ಮರೆಯುತ್ತಾರೆ. ಮಸ್ಟ್ಯಾಂಗ್‌ನ ಶೆಲ್ಬಿ ಜಿಟಿ350 ಮಾದರಿಯಲ್ಲಿ ಫೋರ್ಡ್ ವಿ8ರ ಕ್ರ್ಯಾಂಕನ್ನೇ ಬದಲಿಸಿತು. 90 ಡಿಗ್ರಿಗೆ ಬದಲು 180 ಡಿಗ್ರಿ ಅಂತರದ, ಚಪ್ಪಟೆ ಕ್ರ್ಯಾಂಕ್. ನಡುಕ ಜಾಸ್ತಿ, ಆದರೆ ಎಂಜಿನ್ 8,250 ಆರ್‌ಪಿಎಂವರೆಗೆ ಏರುತ್ತದೆ. ಮೂರನೇ ಗೇರಿನಲ್ಲಿ ತಿರುವು ದಾಟುವಾಗ ಬಲಪಾದದ ಕೆಳಗೆ ಹಿಂದಿನ ಟೈರುಗಳ ಹಿಡಿತ ಎಷ್ಟು ಉಳಿದಿದೆ ಎಂದು ಬೆನ್ನಿಗೆ ಗೊತ್ತಾಗುತ್ತದೆ. ಓಡಿಸುವ ಸುಖವೆಂದರೆ ಇದು. ಅದನ್ನು ಅಳೆಯುವ ಅಂಕಣ ಹೋಲಿಕೆ ಪಟ್ಟಿಗಳಲ್ಲಿಲ್ಲ.

ಭಾರತದ ಓದುಗರಿಗೆ ಈ ಅಧ್ಯಾಯ ಅರ್ಧವೇ ಸಿಕ್ಕಿತು. ಬಲಬದಿ ಸ್ಟಿಯರಿಂಗ್‌ನ ಮಸ್ಟ್ಯಾಂಗ್ 2016ರಲ್ಲಿ ಇಲ್ಲಿಗೆ ಬಂದದ್ದು ಆಟೊಮ್ಯಾಟಿಕ್ ಗೇರಿನೊಂದಿಗೆ ಮಾತ್ರ. ಕ್ಲಚ್ ಒತ್ತಿ, ಗೇರ್ ಇಳಿಸಿ ಆ ವಿ8ನ್ನು ಕೆಣಕುವ ಅವಕಾಶವೇ ಇರಲಿಲ್ಲ. ಬೆಂಗಳೂರಿನಲ್ಲಿ ಇದನ್ನು ‘ಸದ್ದಿನ ಕಾರು’ ಎಂದುಕೊಂಡವರನ್ನು ನಾನು ದೂರುವುದಿಲ್ಲ.

2023ರ ಡಿಸೆಂಬರ್‌ನಲ್ಲಿ ಕಮಾರೊ, ಚಾಲೆಂಜರ್ ಎರಡರ ತಯಾರಿಕೆಯೂ ನಿಂತಿತು. ವಿ8 ಮತ್ತು ಕೈಗೇರ್ ಎರಡನ್ನೂ ಉಳಿಸಿಕೊಂಡು ಮಸ್ಟ್ಯಾಂಗ್ ಒಂಟಿಯಾಗಿದೆ. ಡಾಡ್ಜ್ ಚಾರ್ಜರ್ ಡೇಟೋನಾ ಎಂಬ ವಿದ್ಯುತ್ ಕಾರು ತಂದಿತು: ಗರಿಷ್ಠ 670 ಅಶ್ವಶಕ್ತಿ, ಹಿಂಭಾಗದಲ್ಲಿ ಕೃತಕ ಗುಡುಗಿಗೆಂದೇ ಧ್ವನಿಪೆಟ್ಟಿಗೆ. ಕೊನೆಗೆ ಪೆಟ್ರೋಲ್‌ನ ಆರು ಸಿಲಿಂಡರ್ ಎಂಜಿನ್ನನ್ನೂ ಅದೇ ಕಾರಿಗೆ ತರಬೇಕಾಯಿತು. ಆದರೆ ವಿದ್ಯುತ್ ಕಾರಿನಲ್ಲಿ ಪೆಡಲ್ ಒತ್ತಿದಾಗ ಮೋಟರ್ ಎಷ್ಟು, ಹೇಗೆ ಎಳೆಯಬೇಕು ಎಂಬುದನ್ನು ಸಾಫ್ಟ್‌ವೇರ್‌ನಲ್ಲಿ ಬೇಕಾದಂತೆ ಬರೆಯಬಹುದು. ನಮ್ಮ ಕಸುಬಿನವರಿಗೆ ಕೊಯೋಟೆ ಕಾಲದಲ್ಲೂ ಇಷ್ಟು ಸ್ವಾತಂತ್ರ್ಯ ಇರಲಿಲ್ಲ. ಹೊಸ ಕಾರು ಬಿಡುಗಡೆಯಾದಾಗ ಧ್ವನಿಪೆಟ್ಟಿಗೆಯ ಬಗ್ಗೆ ಪುಟಗಟ್ಟಲೆ ಬರೆದವರು ಪೆಡಲ್ ಬಗ್ಗೆ ಒಂದು ಪ್ಯಾರಾವನ್ನಾದರೂ ಬರೆಯಬಹುದಿತ್ತು.